ಬೀದರಿನ ಹಳೆ ಕಟ್ಟಡದಲ್ಲಿ ಮಾಹಿತಿ ಕೇಂದ್ರ, ಬಿದ್ರಿ ಅಂಗಡಿ: ನನ್ನ ಅನುಭವ

ಬೀದರಿನ ಹಳೆ ಊರಿನಲ್ಲಿ ನಿಜಾಮರ ಕಾಲದ ಒಂದು ಕಲ್ಲುಕಟ್ಟಡ. ಮೊದಲು ಕಚೇರಿಯಾಗಿತ್ತು, ಆಮೇಲೆ ಗೋದಾಮಾಯಿತು, ಕೊನೆಗೆ ಪ್ರವಾಸಿಗರ ಮಾಹಿತಿ ಕೇಂದ್ರ. ಒಳಗೆ ಮೂಲೆಯಲ್ಲಿ ಬಿದ್ರಿ ಸಾಮಾನಿನ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸಿ ಮಾಡುವ ಸಾಮಾನಿನ, ಪುಟ್ಟ ಅಂಗಡಿ. ಇದನ್ನು ಹೊಸದಾಗಿ ಜೋಡಿಸಿಕೊಡಿ ಅಂತ ಕೆಲಸ ನನಗೆ ಬಂತು. ಕೆಲಸ ಕೊಟ್ಟವರ ಮನಸ್ಸಿನಲ್ಲಿದ್ದದ್ದು ದೊಡ್ಡ ಟಿವಿ, ಗಾಜಿನ ಬಾಗಿಲು, ಫಾಲ್ಸ್ ಸೀಲಿಂಗ್, ಏಸಿ. ನಾನು ಮಾಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ತೆಗೆದುಹಾಕುವ ಕೆಲಸ.

ನಕ್ಷೆ ಬರೆಯುವ ಮೊದಲು ಬಾಗಿಲ ಹತ್ತಿರ ಕಾವಲುಗಾರರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಬಂದವರು ಏನು ಕೇಳುತ್ತಾರೆ ಅಂತ ಬರೆದುಕೊಂಡೆ. ಬಹಮನಿ ಸುಲ್ತಾನರು ಯಾವಾಗ ಬಂದರು ಅಂತ ಯಾರೂ ಮೊದಲು ಕೇಳುವುದಿಲ್ಲ. 'ಎಲ್ಲಾರೂ ಮೊದಲ ಸಂಡಾಸ ಎಲ್ಲಿ ಅದ ಅಂತ ಕೇಳ್ತಾರ್ರಿ ಸರ್' ಅಂದರು ಕಾವಲುಗಾರರು. ಆಮೇಲೆ ಕುಡಿಯುವ ನೀರು. ಆಮೇಲೆ, ಕೋಟೆ ನೋಡಲಿಕ್ಕೆ ಎಷ್ಟು ಹೊತ್ತು ಬೇಕು, ರಂಗೀನ್ ಮಹಲ್ ತೆರೆದಿದೆಯಾ, ಅಷ್ಟೂರಿನ ಗುಮ್ಮಟಗಳಿಗೆ ಆಟೋ ಸಿಗುತ್ತಾ, ನರಸಿಂಹ ಝರಣಿಯ ಗುಹೆಯೊಳಗೆ ಇವತ್ತು ಬಿಡುತ್ತಾರಾ. ಆ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು. ಹಾಗಾಗಿ ಮಕ್ಕಳನ್ನು ಕರೆತಂದವರಿಗೆ ಅದೇ ದೊಡ್ಡ ಚಿಂತೆ.

ಒಳಗಿನ ಜೋಡಣೆ ಈ ಪ್ರಶ್ನೆಗಳ ಸಾಲಿನ ಪ್ರಕಾರವೇ ಆಯಿತು. ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ನೀರು, ಶೌಚಾಲಯದ ದಾರಿ, ಕೂರಲಿಕ್ಕೆ ಬೆಂಚು. ನೇರಕ್ಕೆ ಒಂದು ದೊಡ್ಡ ಕರಿ ಹಲಗೆ. ಸೀಮೆಸುಣ್ಣದಲ್ಲಿ ದಿನಾ ಬೆಳಿಗ್ಗೆ ಬರೆಯುವುದು: ಇವತ್ತು ಏನು ತೆರೆದಿದೆ, ಏನು ಮುಚ್ಚಿದೆ. ಟಿವಿಗೆ ಇಟ್ಟಿದ್ದ ದುಡ್ಡಿನಲ್ಲಿ ಚೂರು ಸಾಕಾಯಿತು. ಟಿವಿಯಾದರೆ ಹೊಸ ಮಾಹಿತಿ ಹಾಕಲಿಕ್ಕೆ ಬೇರೆ ಊರಿನಿಂದ ಯಾರೋ ಬರಬೇಕು. ಹಲಗೆಯನ್ನು ಕಸ ಗುಡಿಸುವ ಅಕ್ಕನೂ ಒರೆಸಿ ಬರೆಯುತ್ತಾರೆ. ಅವರ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.

ಇನ್ನು ಗೋಡೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಹಳೆ ಕಟ್ಟಡ ಕೈಗೆ ತಗೊಳ್ಳುವವರೆಲ್ಲ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಬೀದರಿನ ಕಲ್ಲು ಕೆಂಪು ಜಂಬಿಟ್ಟಿಗೆ. ಸ್ಪಂಜಿನ ಹಾಗೆ ನೀರು ಕುಡಿಯುತ್ತೆ. ಹಿಂದೊಮ್ಮೆ ರಿಪೇರಿ ಮಾಡಿದವರು ಒಳಗೋಡೆಗೆ ಸೊಂಟದೆತ್ತರ ಸಿಮೆಂಟ್ ಗಿಲಾವು ಮಾಡಿ, ಮೇಲೆ ಆಯಿಲ್ ಪೇಂಟ್ ಹೊಡೆದಿದ್ದರು. ಗೋಡೆಯ ತೇವ ಮುಚ್ಚಿಹೋಗಲಿ ಅಂತ. ನೆಲದಿಂದ ಏರುವ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲ. ಅದು ಸಿಮೆಂಟಿನ ಹಿಂದೆಯೇ ಮೇಲಕ್ಕೆ ಹತ್ತಿ, ಗಿಲಾವು ಮುಗಿದ ಜಾಗದಲ್ಲಿ ಹೊರಗೆ ಬಂದಿತ್ತು. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ, ಕಲ್ಲಿನ ಮೈಯನ್ನೇ ಪುಡಿ ಮಾಡುತ್ತಿತ್ತು. ಬೆರಳಿಂದ ಸುಮ್ನೆ ಸವರಿದರೆ ಕೆಂಪು ಹುಡಿ ಉದುರುತ್ತಿತ್ತು.

ಮೊದಲು ನೀರು ಬರುವ ಕಡೆ ನೋಡಿದೆವು. ಮಾಳಿಗೆಯ ನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಡಾಂಬರಿನ ಮೇಲೆ ಡಾಂಬರು ಬಿದ್ದು ಹೊರಗಿನ ರಸ್ತೆಯೂ ಎತ್ತರವಾಗಿತ್ತು. ಪೈಪನ್ನು ದೂರಕ್ಕೆ ತಿರುಗಿಸಿ, ಗೋಡೆಯುದ್ದಕ್ಕೂ ಚರಂಡಿ ತೆಗೆಸಿದೆವು. ಆಮೇಲೆ ಉಳಿ, ಸುತ್ತಿಗೆ ಹಿಡಿದು ಕೈಯಿಂದಲೇ ಸಿಮೆಂಟ್ ಬಿಡಿಸಿದ್ದು. ಮಷೀನು ಹಚ್ಚಿದರೆ ಕಲ್ಲೂ ಒಟ್ಟಿಗೆ ಬರುತ್ತೆ. ಒಂದು ಪೂರ್ತಿ ಬೇಸಿಗೆ ಗೋಡೆಯನ್ನು ಹಾಗೇ ಬಿಟ್ಟೆವು. ಕೆಲಸ ಕೊಟ್ಟವರಿಗೆ ಇದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. 'ಬರೀ ಗೋಡೆ ನೋಡಲಿಕ್ಕೆ ಬಾಡಿಗೆ ಕಟ್ಟಬೇಕೇನ್ರೀ?' ಅಂತ ಫೋನಿನ ಮೇಲೆ ಫೋನು.

ಹೊಸ ಗಾರೆ ಸುಣ್ಣದ್ದು. ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ, ನೀರು ಆರದಂತೆ ಇಟ್ಟು, ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸುವುದು. ಸುಣ್ಣ ಗಾಳಿ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. ಬೇಗ ಒಣಗಿದರೆ ಬಿರುಕು ಬಿಡುತ್ತೆ. ಅದಕ್ಕೇ ಒದ್ದೆ ಗೋಣಿತಾಟು ಇಳಿಬಿಟ್ಟು ಕಾಯಬೇಕು. ಗೋಡೆ ಉಸಿರಾಡಬೇಕಲ್ಲ, ಆದ್ದರಿಂದ ಮೇಲೂ ಪೇಂಟ್ ಬೇಡ ಅಂದೆ, ಸುಣ್ಣವೇ ಬಳಿಸಿದೆವು.

ಏಸಿ ಕೈಬಿಡಲು ಗೋಡೆಯೇ ಕಾರಣ ಕೊಟ್ಟಿತು. ಬಾಗಿಲು ಕಿಟಕಿ ಮುಚ್ಚಿಟ್ಟರೆ ಗೋಡೆಯ ತೇವ ಹೊರಗೆ ಹೋಗುವುದಾದರೂ ಹೇಗೆ? ಬೀದರ್ ಇರುವುದು 2 ಸಾವಿರ ಅಡಿಗಿಂತ ಎತ್ತರದಲ್ಲಿ, ರಾತ್ರಿ ತಂಪಾಗುತ್ತೆ. ದಪ್ಪ ಗೋಡೆ ಆ ತಂಪನ್ನು ಮಧ್ಯಾಹ್ನದವರೆಗೆ ಹಿಡಿದಿಡುತ್ತೆ. ಮೊದಲೇ ಇದ್ದ ಹಳೆ ಫಾಲ್ಸ್ ಸೀಲಿಂಗ್ ಬಿಚ್ಚಿದಾಗ ಗೋಡೆಯ ಮೇಲುಗಡೆ ಹಳೆ ಗವಾಕ್ಷಿಗಳು ಸಿಕ್ಕವು. ತೆರೆದೆವು. ಬಿಸಿ ಗಾಳಿ ಅಲ್ಲಿಂದ ಹೋಗುತ್ತೆ.

ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಕಪಾಟು, ಫಲಕ, ದೀಪ ಎಲ್ಲ ಕಬ್ಬಿಣದ ಚೌಕಟ್ಟಿನ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ನಿಂತಿವೆ. ವೈರೂ ಅದರೊಳಗೇ. ಮುಂದೆ ಬರುವವರಿಗೆ ಇಷ್ಟವಾಗದಿದ್ದರೆ ಬೋಲ್ಟ್ ಬಿಚ್ಚಿ ಒಯ್ಯಬಹುದು. ಮುಂದಿನ ಮೆಟ್ಟಿಲಿಗೆ ಇಳಿಜಾರು ಹಾದಿಯನ್ನೂ ಹೀಗೇ ಬಿಡಿಯಾಗಿ ಮಾಡಿಸಿದೆವು. ಒಂದು ಅಡಿ ಏರಲಿಕ್ಕೆ ಹನ್ನೆರಡು ಅಡಿ ಉದ್ದ, ಗಾಲಿಕುರ್ಚಿಗೆ ಅಷ್ಟು ಬೇಕೇ ಬೇಕು. ಬೀದರಿನಲ್ಲಿ ಸಂರಕ್ಷಿತ ಸ್ಮಾರಕಗಳು ಹೆಜ್ಜೆಗೊಂದು. ಅವುಗಳ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ರಿಪೇರಿಗೂ ಅನುಮತಿ ಬೇಕು. ಕಾಗದಪತ್ರ ಮೊದಲು, ಸುತ್ತಿಗೆ ಆಮೇಲೆ.

ಅಂಗಡಿಯ ಕೆಲಸದಲ್ಲಿ ನನಗೆ ಸಿಕ್ಕ ಖುಷಿ ಬೇರೆಯೇ. ಮೊದಲು ಬಿದ್ರಿ ಸಾಮಾನನ್ನೆಲ್ಲ ಕೆಂಪು ಮಖಮಲ್ಲಿನ ಮೇಲೆ, ಗಾಜಿನೊಳಗೆ, ನೆತ್ತಿಯ ಮೇಲೆ ಬೆಳ್ಳಗಿನ ಟ್ಯೂಬ್‌ಲೈಟ್ ಉರಿಸಿ ಇಟ್ಟಿದ್ದರು. ಕಪ್ಪು ಲೋಹ ಕಡುಗೆಂಪಿನಲ್ಲಿ ಮುಳುಗಿಹೋಗಿತ್ತು, ಗಾಜಿನಲ್ಲಿ ಕಾಣುತ್ತಿದ್ದದ್ದು ನಮ್ಮದೇ ಮುಖ. ನೋಡಲು ಬಂದ ಬಿದ್ರಿ ಕೆಲಸದ ಒಬ್ಬ ಉಸ್ತಾದರು ಹೂಜಿಯೊಂದನ್ನು ಎತ್ತಿ ಕಿಟಕಿ ಹತ್ತಿರ ಒಯ್ದು ಸ್ವಲ್ಪ ವಾಲಿಸಿ ಹಿಡಿದರು. 'ಬೆಳಕು ಬಾಜೂಲಿಂದ ಬರಬೇಕ್ರಿ. ಮ್ಯಾಲಿಂದ ಬಿದ್ರ ಚಾಂದಿ ಮಾತಾಡಂಗಿಲ್ಲ' ಅಂದರು. ನಿಜ. ಬೆಳ್ಳಿಯ ಎಳೆಗಳು ಒಂದೊಂದಾಗಿ ಎದ್ದುಕೊಂಡವು. ಮಖಮಲ್ ತೆಗೆದು ಸುಣ್ಣದ ಬಣ್ಣದ ಖಾದಿ ಬಟ್ಟೆ ಹಾಸಿದೆವು. ದೀಪಗಳನ್ನು ಪಕ್ಕಕ್ಕೆ ಇಳಿಸಿ, ಸ್ವಲ್ಪ ಹಳದಿ ಬೆಳಕಿನವು ಹಾಕಿದೆವು.

ಇನ್ನೊಂದು ತೊಂದರೆ ಬೆಲೆ. ಅಂಗೈಯಗಲದ ಡಬ್ಬಿಗೆ ಇಷ್ಟಾ ಅಂತ ಜನ ಹೊರಟುಬಿಡುತ್ತಿದ್ದರು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ಗೊತ್ತಿದ್ದವರಿಗೂ ಬಿದ್ರಿ ಹೇಗೆ ಮಾಡುತ್ತಾರೆ ಅಂತ ಗೊತ್ತಿರುವುದಿಲ್ಲ. ಮಾಹಿತಿ ಫಲಕದಲ್ಲಿ ಬರೆದಿತ್ತು, ಆದರೆ ಫಲಕ ಇದ್ದದ್ದು ಬೇರೆ ಕೋಣೆಯಲ್ಲಿ. ಎರಡನ್ನೂ ಕೂಡಿಸಿದೆ. ಈಗ ಅಂಗಡಿಯ ಉದ್ದದ ಮೇಜಿನ ಮೇಲೆ ಒಂದೇ ಅಳತೆಯ ಡಬ್ಬಿಗಳು ಸಾಲಾಗಿವೆ. ಸತು, ಅದಕ್ಕೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಒರಟು ಡಬ್ಬಿ ಮೊದಲು. ಅರದಲ್ಲಿ ಉಜ್ಜಿ, ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿದ್ದು ಎರಡನೆಯದು. ಆಮೇಲೆ ಉಳಿಯಲ್ಲಿ ಕೊರೆದದ್ದು, ಬೆಳ್ಳಿ ತಂತಿ ಕೂಡಿಸಿದ್ದು, ಉಜ್ಜಿ ನಯ ಮಾಡಿದ್ದು. ಆಗ ಬೂದು ಲೋಹ, ಬೆಳ್ಳಿ ಎರಡೂ ಹತ್ತಿರ ಹತ್ತಿರ ಒಂದೇ ಬಣ್ಣ, ಚಿತ್ರ ಸರಿಯಾಗಿ ಕಾಣುವುದೇ ಇಲ್ಲ. ಕೊನೆಯದು ಕೋಟೆಯ ಮಣ್ಣು, ನವಸಾಗರ ಅನ್ನುವ ಒಂದು ಬಗೆಯ ಉಪ್ಪು ಕಲಸಿ ಹಚ್ಚಿದ್ದು. ಲೋಹ ಕಪ್ಪಗಾಗಿದೆ, ಬೆಳ್ಳಿ ಹಾಗೇ ಉಳಿದಿದೆ. ಆ ಮಣ್ಣನ್ನು ಕೆಲಸಗಾರರು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ.

ಈ ಡಬ್ಬಿಗಳಿಗೆ ಗಾಜು ಇಲ್ಲ. ಮುಟ್ಟಬಹುದು. ಕದ್ದಾರು ಅಂತ ಎಲ್ಲರೂ ಹೆದರಿಸಿದರು. ತಳಕ್ಕೆ ಒಂದೊಂದು ತಿರುಪು ಹಾಕಿಸಿದೆ, ಮುಗೀತು. ಈಗ ಜನ ಮೇಜಿನ ಈ ತುದಿಯಿಂದ ಆ ತುದಿಗೆ ಬರುವಷ್ಟರಲ್ಲಿ ಬೆಲೆಯ ಚೌಕಾಸಿ ಕಮ್ಮಿಯಾಗಿರುತ್ತೆ. ಎಲ್ಲರೂ ಕೊಳ್ಳುತ್ತಾರೆ ಅಂತಲ್ಲ. ಉಂಗುರ, ಕೀಚೈನು ಜಾಸ್ತಿ ಹೋಗುತ್ತವೆ. ಹೂಜಿ ಯಾವಾಗಲಾದರೊಮ್ಮೆ.

ಫಲಕಗಳ ಭಾಷೆಗೆ ಚರ್ಚೆ ಬಹಳ ಆಯಿತು. ಬೀದರಿಗೆ ತೆಲಂಗಾಣ, ಮಹಾರಾಷ್ಟ್ರ ಎರಡೂ ಪಕ್ಕ. ಇಲ್ಲಿನ ಗುರುದ್ವಾರ ಗುರುನಾನಕ್ ಝೀರಾಕ್ಕೆ ಪಂಜಾಬಿನಿಂದ ಬರುತ್ತಾರೆ. ಆರೇಳು ಭಾಷೆಯನ್ನು ಒಂದೇ ಫಲಕಕ್ಕೆ ತುರುಕಿದರೆ ಯಾರೂ ಓದಲ್ಲ, ಅಲ್ವಾ? ಫಲಕದಲ್ಲಿ ಕನ್ನಡ ದೊಡ್ಡದಾಗಿ, ಇಂಗ್ಲಿಷ್ ಅದರ ಕೆಳಗೆ. ಉಳಿದವಕ್ಕೆ ರಟ್ಟಿನ ಹಾಳೆಗಳು, ಕೈಯಲ್ಲಿ ಹಿಡಿದು ಸುತ್ತಾಡಿ ವಾಪಸ್ ಕೊಡುವುದು. 1472ರ ಮಹಮೂದ್ ಗವಾನ್ ಮದರಸಾದ ಚಿತ್ರ ಇರುವ ಹಾಳೆಯೇ ಪದೇ ಪದೇ ಕಾಣೆಯಾಗುತ್ತೆ. ಅದನ್ನು ಜಾಸ್ತಿ ಪ್ರತಿ ಮಾಡಿಸಿಟ್ಟಿದ್ದೇವೆ.

ಸರಿಹೋಗದೆ ಉಳಿದದ್ದು ಬಿಲ್ ಮೇಜು. ಗುರುನಾನಕ್ ಜಯಂತಿಯ ಹೊತ್ತಿಗೆ ಬಸ್ಸುಗಟ್ಟಲೆ ಜನ ಒಟ್ಟಿಗೆ ಬರುತ್ತಾರೆ. ಬಿದ್ರಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುವಷ್ಟರಲ್ಲಿ ಸಾಲು ಬಾಗಿಲು ದಾಟುತ್ತೆ. ಪಡಸಾಲೆಯಲ್ಲಿ ಗಾಲಿಯ ಮೇಲೊಂದು ಮೇಜು ಇಟ್ಟು, ಪ್ಯಾಕಿಂಗ್ ಅಷ್ಟನ್ನೂ ಅಲ್ಲಿಗೆ ಸಾಗಿಸಬೇಕು ಅಂತ ಅಳತೆ ತಗೊಂಡು ಬಂದಿದ್ದೇನೆ.