ಬೆಡ್ ಸೋರ್ ಆದರೆ ನರ್ಸಿಂಗ್ ಹೋಮ್ ಮೇಲೆ ದೂರು ಕೊಡುವುದು ಹೇಗೆ: ಒಬ್ಬ ವಾರ್ಡ್ ಸಿಸ್ಟರ್ ಮಾತು

ಬೆಡ್ ಸೋರ್ ಅಂದರೆ ಹಾಸಿಗೆ ಹಿಡಿದವರಿಗೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಆಗುವ ಹುಣ್ಣು. ಮೊದಲು ರೋಗಿಯನ್ನು ನೋಡಿ, ಕೇಸು ಆಮೇಲೆ. ಸೊಂಟದ ಹಿಂದೆಯೋ ಹಿಮ್ಮಡಿಯಲ್ಲೋ ಹುಣ್ಣಾಗಿ ಕೀವು ಬರುತ್ತಿದ್ದರೆ ಅವತ್ತೇ ಸರ್ಜನ್‌ಗೆ ತೋರಿಸಿ. ಜೊತೆಗೆ ಜ್ವರ, ನಡುಕ, ಮಂಪರು ಇದ್ದರೆ ಸೋಂಕು ರಕ್ತಕ್ಕೆ ಸೇರಿರಬಹುದು, ಒಂದು ಗಂಟೆಯೂ ಕಾಯಬೇಡಿ.

ನಾನು ಶಿವಮೊಗ್ಗದಲ್ಲಿ ವಾರ್ಡ್ ಸಿಸ್ಟರ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗಲೂ ಗೊತ್ತಿರುವವರು ಕೇಸ್ ಶೀಟ್ ಹಿಡಿದು ಮನೆಗೆ ಬರುತ್ತಾರೆ, "ಸಿಸ್ಟರ್, ಇದರಲ್ಲಿ ಏನು ಬರೆದಿದ್ದಾರೆ ನೋಡಿ" ಅಂತ. ಬಂದವರು ಮೊದಲು ತೋರಿಸುವುದು ಮೊಬೈಲ್‌ನಲ್ಲಿರುವ ಹುಣ್ಣಿನ ಫೋಟೋ. ಕರುಳು ಚುರುಕ್ ಅನ್ನುತ್ತದೆ. ಆದರೆ ಹುಣ್ಣು ಆಯ್ತು ಅನ್ನುವುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಆಗುವುದಿಲ್ಲ. ಎದುರಿನ ವಕೀಲರು ಸಾಮಾನ್ಯವಾಗಿ ಹೇಳುವುದು ಇದೇ: ರೋಗಿಗೆ ಶುಗರ್ ಇತ್ತು, ವಯಸ್ಸಾಗಿತ್ತು, ಊಟ ಸೇರುತ್ತಿರಲಿಲ್ಲ, ಎಷ್ಟು ನೋಡಿಕೊಂಡರೂ ಆಗುತ್ತಿತ್ತು. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಹಾಗಾಗಿ ಮಾಡಲೇಬೇಕಾಗಿದ್ದ ಯಾವ ಕೆಲಸವನ್ನು ಅವರು ಮಾಡಲಿಲ್ಲ ಅಂತ ನೀವು ತೋರಿಸಬೇಕು.

ಆ ಕೆಲಸಗಳು ಯಾವುವು? ಸೇರಿಸಿಕೊಂಡ ದಿನವೇ ಮೈ ಪೂರ್ತಿ ನೋಡಿ ಚರ್ಮ ಹೇಗಿದೆ ಅಂತ ಬರೆಯಬೇಕು. ಬ್ರೇಡನ್ ಸ್ಕೇಲ್ ಅಂತ ಒಂದು ಅಳತೆ ಇದೆ. ಅದರಲ್ಲಿ 23ಕ್ಕೆ 18 ಅಥವಾ ಕಡಿಮೆ ಅಂಕ ಬಂದರೆ ಹುಣ್ಣಾಗುವ ಅಪಾಯ ಇದೆ ಅಂತ ಅರ್ಥ. ಅಂಥವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತೇವೆ. ಏರ್ ಬೆಡ್ ಹಾಕಬೇಕು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬು ಕೊಡಬೇಕು, ಒದ್ದೆ ಡಯಾಪರ್ ತಕ್ಷಣ ತೆಗೆಯಬೇಕು. ನಮ್ಮ ಮೈಬಣ್ಣಕ್ಕೆ ಶುರುವಿನ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೈಯಿಟ್ಟು ನೋಡಿದರೆ ಆ ಜಾಗ ಬಿಸಿಯಾಗಿ, ಗಟ್ಟಿಯಾಗಿ ಇರಬಹುದು. ಕೈಯಿಟ್ಟು ನೋಡುವವರು ಬೇಕು, ಅಷ್ಟೇ.

ಈಗ ದಾಖಲೆ. ಡಿಸ್ಚಾರ್ಜ್ ಸಮರಿ ಒಂದನ್ನೇ ನಂಬಬೇಡಿ, ಬೆಡ್ ಸೋರ್ ಅನ್ನುವ ಪದವೇ ಇಲ್ಲದ ಸಮರಿಗಳನ್ನು ನಾನು ನೋಡಿದ್ದೇನೆ. ಮೆಡಿಕಲ್ ಸೂಪರಿಂಟೆಂಡೆಂಟ್ ಹೆಸರಿಗೆ ಅರ್ಜಿ ಬರೆಯಿರಿ. ಪೂರ್ತಿ ಕೇಸ್ ಶೀಟ್, ನರ್ಸಸ್ ನೋಟ್ಸ್, ಮಗ್ಗುಲು ಬದಲಿಸಿದ ಪೊಸಿಷನ್ ಚಾರ್ಟ್, ಡ್ರೆಸಿಂಗ್ ದಾಖಲೆ ಅಂತ ಹೆಸರು ಹೆಸರಾಗಿ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲ್, ತಾರೀಖು ಹಾಕಿಸಿಕೊಳ್ಳಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಕೊಡದಿದ್ದರೆ ಆ ಸೀಲ್ ಇರುವ ಪ್ರತಿಯೇ ನಿಮಗೆ ಒಂದು ಸಾಕ್ಷಿ. ಡಾಕ್ಟರ್ ಇಲ್ಲದ, ತಿಂಗಳಿಗಿಷ್ಟು ಅಂತ ದುಡ್ಡು ಪಡೆಯುವ ಆರೈಕೆ ಕೇಂದ್ರವಾದರೆ ಸೇರಿಸುವಾಗಿನ ಕರಾರು ಪತ್ರ, ರಸೀದಿ, ವಾರ್ಡನ್ ಜೊತೆಗಿನ ವಾಟ್ಸಾಪ್ ಮೆಸೇಜ್ ಎಲ್ಲ ಎತ್ತಿಡಿ.

ಪೊಸಿಷನ್ ಚಾರ್ಟ್ ಸಿಕ್ಕಿತಾ? ಸಮಾಧಾನವಾಗಿ ಕೂತು ಓದಿ. ಸೊಂಟದ ಮೂಳೆ ಮುರಿದ ಒಬ್ಬ ಅಜ್ಜಿಯ ಚಾರ್ಟನ್ನು ಅವರ ಮಗಳ ಜೊತೆ ನಾನು ನೋಡಿದೆ. ನರ್ಸಿಂಗ್ ಹೋಮಿನ ಹೆಸರು ಇಲ್ಲಿ ಬೇಡ. ಹಗಲು ರಾತ್ರಿ ಎರಡು ಗಂಟೆಗೊಂದು ಸಾಲು, ಎಡಕ್ಕೆ, ಬಲಕ್ಕೆ, ಎಡಕ್ಕೆ. ಮೂರು ಪಾಳಿಗೂ ಒಂದೇ ಇಂಕು, ಒಂದೇ ಕೈಬರಹ, ಸಹಿ ಮಾತ್ರ ಬೇರೆ ಬೇರೆ. ಒಂದು ದಿನ ಮಧ್ಯಾಹ್ನ 2ಕ್ಕೆ "ಎಡ ಮಗ್ಗುಲಿಗೆ ಮಲಗಿಸಿದೆ" ಅಂತಿತ್ತು. ಹೊರಗಿನ ಸ್ಕ್ಯಾನಿಂಗ್ ಸೆಂಟರ್ ಬಿಲ್ ತೆಗೆದು ನೋಡಿದರೆ ಆ ಹೊತ್ತಿಗೆ ಅಜ್ಜಿ ಅಲ್ಲಿ ಸ್ಕ್ಯಾನ್ ಟೇಬಲ್ ಮೇಲಿದ್ದರು. ಇಲ್ಲದ ರೋಗಿಯನ್ನು ಮಗ್ಗುಲು ಬದಲಿಸಿದ್ದರು ಅಂತಾಯ್ತು ಅಲ್ವಾ? ಅದೊಂದು ಸಾಲು ಹತ್ತು ಫೋಟೋಗಿಂತ ಜಾಸ್ತಿ ಮಾತಾಡುತ್ತದೆ. ಹಾಗಾಗಿ ಸ್ಕ್ಯಾನ್, ಎಕ್ಸ್‌ರೇ, ಡಯಾಲಿಸಿಸ್ ಬಿಲ್‌ಗಳ ಮೇಲಿನ ಸಮಯವನ್ನು ಚಾರ್ಟ್ ಜೊತೆ ಒಂದೊಂದಾಗಿ ಹೋಲಿಸಿ. ಏರ್ ಬೆಡ್ ಬಾಡಿಗೆ ಬಿಲ್‌ನಲ್ಲಿ ಯಾವ ತಾರೀಖಿನಿಂದ ಶುರುವಾಗಿದೆ ನೋಡಿ, ಹುಣ್ಣು ಕಂಡ ಮೇಲೆ ಹಾಕಿರುವುದೇ ಹೆಚ್ಚು.

ಬೇರೆ ಆಸ್ಪತ್ರೆಗೆ ಒಯ್ಯುವಾಗ ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆ ಅಂತ ಒಂದು ಫಾರಂಗೆ ಸಹಿ ಕೇಳುತ್ತಾರೆ. ಸುಮ್ನೆ ಸಹಿ ಹಾಕಬೇಡಿ. "ಇಲ್ಲಿ ಬೆಡ್ ಸೋರ್ ಆಗಿರುವುದರಿಂದ ಬೇರೆ ಕಡೆ ಕರೆದೊಯ್ಯುತ್ತಿದ್ದೇವೆ" ಅಂತ ಕೈಯಾರೆ ಬರೆದು, ಆಮೇಲೆ ಸಹಿ ಹಾಕಿ ಫೋಟೋ ತೆಗೆದುಕೊಳ್ಳಿ. ಬಿಲ್‌ನಲ್ಲಿ ಕಡಿಮೆ ಮಾಡುತ್ತೇವೆ, ಯಾವ ದೂರೂ ಇಲ್ಲ ಅಂತ ಬರೆದುಕೊಡಿ ಅಂದರೆ ಒಪ್ಪಬೇಡಿ. ಹೊಸ ಆಸ್ಪತ್ರೆಯಲ್ಲಿ, ಸೇರಿಸಿಕೊಂಡ ತಕ್ಷಣ ಹುಣ್ಣು ಎಲ್ಲಿದೆ, ಎಷ್ಟು ಸೆಂಟಿಮೀಟರ್, ಎಷ್ಟನೇ ಹಂತ ಅಂತ ಡಾಕ್ಟರ್ ಕೈಯಲ್ಲಿ ಬರೆಸಿ. 3ನೇ ಹಂತ ಅಂದರೆ ಚರ್ಮ ದಾಟಿ ಕೊಬ್ಬಿನವರೆಗೆ, 4ನೇ ಹಂತ ಅಂದರೆ ಸ್ನಾಯು, ಮೂಳೆಯವರೆಗೆ. ಅಷ್ಟು ಆಳ ಇದ್ದೂ ಮೊದಲಿನ ನೋಟ್ಸ್‌ನಲ್ಲಿ ಒಂದು ಮಾತೂ ಇಲ್ಲದಿದ್ದರೆ, ಯಾರೂ ತಿರುಗಿಸಿ ನೋಡಿಯೇ ಇಲ್ಲ ಅಂತ ಅನುಮಾನ ಬಾರದೇ ಇರುತ್ತದೆಯೇ? ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮೂಲ ಫೋಟೋ ಫೋನಿನಲ್ಲೇ ಇರಲಿ, ಡಿಲೀಟ್ ಮಾಡಬೇಡಿ.

ದೂರು ಕೊಡುವ ಮುಖ್ಯ ಜಾಗ ಜಿಲ್ಲಾ ಗ್ರಾಹಕರ ಆಯೋಗ. ದುಡ್ಡು ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಬಿಲ್ಲನ್ನು ಇನ್ಶೂರೆನ್ಸ್ ಕಂಪನಿ ಕಟ್ಟಿದ್ದರೂ ಸರಿ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಗೆ ಮಾತ್ರ ಇದು ಅನ್ವಯಿಸುವುದಿಲ್ಲ. ನೀವು ಕೊಟ್ಟ ದುಡ್ಡು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅಮ್ಮ ಇದ್ದದ್ದು ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ, ದೂರು ಕೊಡುವ ಮಗಳ ಮನೆ ಶಿವಮೊಗ್ಗದಲ್ಲಿ ಅಂದರೆ ಶಿವಮೊಗ್ಗದಲ್ಲೇ ಹಾಕಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲೂ ಆಗುತ್ತದೆ. ವಕೀಲರು ಕಡ್ಡಾಯ ಅಲ್ಲ, ಆದರೆ ಇಂಥ ಕೇಸಿಗೆ ಇದ್ದರೆ ಒಳ್ಳೆಯದು. ದೂರು ಕೊಡುವವರು ಹೆಣ್ಣುಮಗಳಾದರೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ಸಹಾಯವಾಣಿ 15100.

ಪರಿಹಾರ ಕೇಳುವಾಗ ಡ್ರೆಸಿಂಗ್, ಸರ್ಜರಿ, ಮನೆಗೆ ಇಟ್ಟುಕೊಂಡ ಆಯಾ ಸಂಬಳ, ಆಂಬುಲೆನ್ಸ್ ಎಲ್ಲಕ್ಕೂ ಬಿಲ್ ಲಗತ್ತಿಸಿ. ರೋಗಿ ಪಟ್ಟ ನೋವಿಗೆ ಬೇರೆಯಾಗಿ ಕೇಳಿ.

ತಜ್ಞರ ವರದಿ ಇಲ್ಲದಿದ್ದರೆ ಕೇಸ್ ನಿಲ್ಲುವುದೇ ಇಲ್ಲ ಅಂತ ಹೆದರಿಸುವವರಿದ್ದಾರೆ. ಪ್ರತಿ ಕೇಸಿಗೂ ಅದು ಬೇಕಾಗಿಲ್ಲ ಅಂತ 2010ರ ವಿ. ಕಿಶನ್ ರಾವ್ ತೀರ್ಪು ಇದೆ. ಆದರೂ ಈಗ ಚಿಕಿತ್ಸೆ ಕೊಡುತ್ತಿರುವ ಸರ್ಜನ್‌ರಿಂದ ಒಂದು ಪತ್ರ ಸಿಕ್ಕರೆ ಬಲ ಜಾಸ್ತಿ.

ಪೊಲೀಸ್ ದೂರಿನ ಬಗ್ಗೆಯೂ ಕೇಳುತ್ತಾರೆ. ಡಾಕ್ಟರ್ ಮೇಲೆ ಕ್ರಿಮಿನಲ್ ಕೇಸ್ ನಿಲ್ಲಬೇಕಾದರೆ ತೀರಾ ಘೋರ ನಿರ್ಲಕ್ಷ್ಯ ಇರಬೇಕು ಅಂತ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ಆದರೆ ಅಸಹಾಯಕರನ್ನು ನೋಡಿಕೊಳ್ಳುತ್ತೇವೆ ಅಂತ ಕರಾರು ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 357ನೇ ಸೆಕ್ಷನ್ ಇದೆ. ಆರೈಕೆ ಕೇಂದ್ರಗಳ ವಿಷಯದಲ್ಲಿ ಇದನ್ನು ವಕೀಲರ ಹತ್ತಿರ ಕೇಳಿ ನೋಡಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವೂ ಇದೆ, ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ.

ಒಂದು ಮಾತು ನನ್ನ ಮನಸ್ಸಿನದು. ರಾತ್ರಿ ಪಾಳಿಯ ಹುಡುಗಿಯ ಮೇಲೆ ಕೂಗಾಡಬೇಡಿ. ಒಬ್ಬಳೇ ಇಡೀ ವಾರ್ಡ್ ನೋಡಿಕೊಳ್ಳುತ್ತಿರುತ್ತಾಳೆ, ದಪ್ಪ ಮೈಯ ರೋಗಿಯನ್ನು ತಿರುಗಿಸಲು ಇಬ್ಬರು ಬೇಕು. ಜನ ಕಡಿಮೆ ಇಟ್ಟದ್ದು ಆಡಳಿತ. ನರ್ಸ್ ತಪ್ಪಿಗೆ ಆಸ್ಪತ್ರೆಯೇ ಹೊಣೆ ಅಂತ 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಾಗಾಗಿ ಎದುರುದಾರರ ಜಾಗದಲ್ಲಿ ಆಸ್ಪತ್ರೆಯ ಹೆಸರು ಇರಲಿ. ಆಯೋಗದ ಮುಂದೆ ಸಾಕ್ಷ್ಯ ಹೆಚ್ಚಾಗಿ ಅಫಿಡವಿಟ್ ಮೂಲಕ ನಡೆಯುತ್ತದೆ, ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಬಹುದು. ಮೊದಲ ಪ್ರಶ್ನೆ ಇದಾಗಿರಲಿ: ಆ ರಾತ್ರಿಗಳಲ್ಲಿ ವಾರ್ಡ್‌ನಲ್ಲಿ ಎಷ್ಟು ರೋಗಿಗಳಿದ್ದರು, ಎಷ್ಟು ನರ್ಸ್ ಇದ್ದರು? ಡ್ಯೂಟಿ ರೋಸ್ಟರ್ ಹಾಜರುಪಡಿಸಿ ಅಂತಲೂ ಅರ್ಜಿ ಹಾಕಿ. ತೀರ್ಪು ನಿಮ್ಮ ವಿರುದ್ಧ ಬಂದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.