ನಾಯಕನ್ ಬೆಳಕು, ಅತ್ತೆ ಮನೆಯ ಗಾಜಿನ ಹೆಂಚು: ನನ್ನ ಅನುಭವ

ನಾಯಕನ್ ಸಿನಿಮಾದಂಥ ಬೆಳಕಲ್ಲಿ ನಾನೂ ಒಂದು ಶಾಟ್ ತೆಗೀತೀನಿ ಅಂದಾಗ "ಆ ಬೆಳಕು ನಿನ್ನ ಕೈಲಿ ಆಗಲ್ಲ ಬಿಡು ಗುರು" ಅಂದವರೇ ಈಗ ಕ್ಲಿಪ್ ಕಳಿಸು ಅಂತ ದುಂಬಾಲು ಬಿದ್ದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಣಿರತ್ನಂ ಅವರ ತಮಿಳು ಸಿನಿಮಾ ನಾಯಕನ್ (1987) ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಛಾಯಾಗ್ರಾಹಕ ಪಿ.ಸಿ. ಶ್ರೀರಾಮ್‌ಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ನಿಮಗೂ ಗೊತ್ತು. ಆದರೆ ನಾನು ಸರಿಯಾಗಿ ನೋಡಿದ್ದು ಕೊನೆಯ ಐದಾರು ಸಲ ಮಾತ್ರ. ಸೌಂಡ್ ಮ್ಯೂಟ್ ಮಾಡಿ, ಆಗಾಗ ನಿಲ್ಲಿಸಿ, ಮೂಗಿನ ನೆರಳು ಎಲ್ಲಿ ಬಿದ್ದಿದೆ ಅಂತ ನೋಟ್‌ಬುಕ್ಕಲ್ಲಿ ಗೀಚಿಕೊಂಡು. ಇಳಯರಾಜ ಸಂಗೀತ ಕಿವಿಗೆ ಬಿದ್ದರೆ ಕಣ್ಣು ಕೆಲಸ ಮಾಡಲ್ಲ, ಅದೇ ತೊಂದರೆ. ಒಳಾಂಗಣದಲ್ಲಿ ಬೆಳಕು ಮೇಲಿಂದ ಇಳಿಯುತ್ತದೆ, ಕಣ್ಣಿನ ಗುಳಿ ಕತ್ತಲಾಗುತ್ತದೆ, ಆದರೂ ಮುಖದ ಭಾವ ತಪ್ಪಿಹೋಗಲ್ಲ. ಹೇಗೆ? ಇದೇ ನನ್ನ ತಲೆ ತಿಂದದ್ದು.

ಶಿವಮೊಗ್ಗದ ನನ್ನ ರೂಮಲ್ಲಿ ಮೊದಲ ಪ್ರಯತ್ನ. ದಿನಕ್ಕೆ ಸಾವಿರದ ಇನ್ನೂರರ ಹಾಗೆ ಎರಡು ಎಲ್‌ಇಡಿ ಪ್ಯಾನಲ್ ಬಾಡಿಗೆ ತಂದು ಫ್ಯಾನ್ ಕೊಕ್ಕೆಗೆ ಕಟ್ಟಿದೆ. ಬಿಳಿ ಗೋಡೆ ಬೆಳಕನ್ನೆಲ್ಲ ವಾಪಸ್ ಎಸೆಯಿತು. ಥೇಟ್ ಮೆಡಿಕಲ್ ಶಾಪು. ಆಮೇಲೆ ಸುತ್ತ ಕಪ್ಪು ಬಟ್ಟೆ ಬಿಟ್ಟೆ, ಅದಕ್ಕೊಂದು ಒಂಬೈನೂರು. ಈಗ ಕಣ್ಣಿದ್ದ ಜಾಗದಲ್ಲಿ ಎರಡು ತೂತು, ದೆವ್ವದ ಸಿನಿಮಾ. ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಏರಿಸಿದರೆ ಕತ್ತಲೆ ತುಂಬ ರವೆ ಚೆಲ್ಲಿದ ಹಾಗೆ. ಏಳೆಂಟು ಸಾವಿರ ಹೀಗೇ ಹೋಯಿತು.

ತೀರ್ಥಹಳ್ಳಿ ಹತ್ತಿರ ಅತ್ತೆ ಮನೆಗೆ ಸುಮ್ನೆ ಹೋಗಿದ್ದೆ. ಹಂಚಿನ ಮನೆ, ನಡುವೆ ಒಂದು ಗಾಜಿನ ಹೆಂಚು. ಹನ್ನೊಂದು ಗಂಟೆ ಬಿಸಿಲು ನೇರ ಅತ್ತೆಯ ಮೊರದೊಳಗೆ ಬಿದ್ದಿತ್ತು. ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅಕ್ಕಿ ಬೆಳಗಿ, ಆ ಬೆಳಕು ಕೆಳಗಿನಿಂದ ಅವರ ಗಲ್ಲಕ್ಕೆ, ಅಲ್ಲಿಂದ ರೆಪ್ಪೆಯ ಅಡಿಗೆ ಏರುತ್ತಿತ್ತು. ಮೊರ ಕೇರಿದಾಗಲೆಲ್ಲ ಕಣ್ಣಲ್ಲಿ ಸಣ್ಣ ಮಿಂಚು. ನಾಯಕನ್ ಸಿನಿಮಾದ ಹೀರೋ ವೇಲು ನಾಯ್ಕರ ಬಿಳಿ ಬಟ್ಟೆಯೂ ಇದೇ ಕೆಲಸ ಮಾಡಿರಬಹುದು ಅಂತ ಆಗ ಹೊಳೆಯಿತು. ನನ್ನ ಗುಮಾನಿ ಅಷ್ಟೇ.

ಆದರೆ ಬಿಸಿಲಿನ ಚುಕ್ಕೆ ನಿಲ್ಲಲ್ಲ ಅಲ್ವಾ, ಇಪ್ಪತ್ತು ನಿಮಿಷಕ್ಕೆ ಮೊರ ದಾಟಿ ಗೋಡೆ ಕಡೆ ಹೋಯಿತು. ಮುಂದಿನ ವಾರ ನಾಲ್ಕು ಹೆಂಚು ತೆಗೆಸಿ (ಕೂಲಿ ಆರುನೂರು), ಒಂದೇ ಪ್ಯಾನಲ್ ಮಾಡಿನ ಮೇಲೆ ಕಟ್ಟಿ, ಬೆಳಕು ಮೃದುವಾಗಲಿ ಅಂತ ಕಂಡಿಗೆ ಒಂದು ವಸ್ತು ಹೊದಿಸಿದೆ. ಟ್ರೇಸಿಂಗ್ ಪೇಪರ್ ಅಲ್ಲ. ಏನು ಅಂತ ಈಗ ಹೇಳಲ್ಲ. ಎಕ್ಸ್‌ಪೋಷರ್ (ಕ್ಯಾಮೆರಾಗೆ ಎಷ್ಟು ಬೆಳಕು ಬಿಡಬೇಕು ಅನ್ನೋ ಅಳತೆ) ಅಕ್ಕಿಗೆ ಇಟ್ಟೆ, ಮುಖ ಎರಡು ಸ್ಟಾಪ್ ಕೆಳಗೇ, ಅಂದರೆ ಕಾಲು ಭಾಗ ಬೆಳಕಲ್ಲೇ ಇರಲಿ ಅಂತ ಬಿಟ್ಟೆ. ಆಮೇಲೆ ಬಣ್ಣ, ಬೆಳಕು ತಿದ್ದುವ ಗ್ರೇಡಿಂಗಲ್ಲಿ ಮುಖವನ್ನು ಎತ್ತಲು ಕೈ ತುರಿಸುತ್ತದೆ, ಎತ್ತಬೇಡಿ.

ಅಕ್ಕಿ ಬದಲು ರಾಗಿ ಹಾಕಿಯೂ ನೋಡಿದೆ. ಮುಖ ಮಾಯ! ಸಾಂಬ್ರಾಣಿ ಹೊಗೆ ಹಾಕಿದಾಗ ಬೆಳಕಿನ ಕೋಲು ಚೆನ್ನಾಗಿ ಬಂತು, ಅತ್ತೆಗೆ ಕೆಮ್ಮೂ ಬಂತು. ಮಣಿರತ್ನಂ ಅವರ ಮೊದಲ ಸಿನಿಮಾ ನಮ್ಮ ಪಲ್ಲವಿ ಅನುಪಲ್ಲವಿ (1983) ಅಲ್ವಾ, ಕ್ಯಾಮೆರಾ ಬಾಲು ಮಹೇಂದ್ರ. ಮುಂದಿನ ಸಲ ಅದನ್ನು ಮ್ಯೂಟ್ ಮಾಡಿ ನೋಡಬೇಕು.

ಕೊನೆಗೆ ನಲವತ್ತು ಸೆಕೆಂಡಿನ ಶಾಟ್ ಸಿಕ್ಕಿತು, ಈ ಸಲದ ಖರ್ಚು ಎರಡು ಸಾವಿರದೊಳಗೆ. ಹೆಂಚು ವಾಪಸ್ ಇಡುವಾಗ ಒಂದು ಸರಿಯಾಗಿ ಕೂತಿರಲಿಲ್ಲ. ಮೊದಲ ಮಳೆಗೇ ಅತ್ತೆ ಫೋನ್ ಮಾಡಿದರು: "ನಿನ್ನ ಸಿನಿಮಾ ಬೆಳಕಿನ ಜಾಗಕ್ಕೆ ಈಗ ಬಕೆಟ್ ಇಟ್ಟಿದೀನಿ ಮಾರಾಯ."