ಸ್ಲೋ ಕುಕ್ಕರ್‌ನಲ್ಲಿ ಪಾಸ್ತಾ ಸೂಪ್: ಯಾವುದು ಮೊದಲು, ಯಾವುದು ಕೊನೆಗೆ

ಸ್ಲೋ ಕುಕ್ಕರ್ ಕೊಂಡವರಿಗೆ ಮೊದಲು ಸಿಗುವ ಸಲಹೆಯೆಂದರೆ, ಎಲ್ಲವನ್ನೂ ಬೆಳಿಗ್ಗೆಯೇ ಪಾತ್ರೆಗೆ ಸುರಿದು ಮುಚ್ಚಳ ಹಾಕಿ ಹೊರಟುಬಿಡಿ, ಸಂಜೆ ಬರುವ ಹೊತ್ತಿಗೆ ಊಟ ಸಿದ್ಧವಿರುತ್ತದೆ ಎಂಬುದು. ಪಾಸ್ತಾ ಸೂಪಿನ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಕಾಳು, ಗೆಡ್ಡೆ ತರಕಾರಿ, ಟೊಮೆಟೊ, ಪಾಸ್ತಾ, ಸೊಪ್ಪು ಇವುಗಳಲ್ಲಿ ಒಂದೊಂದೂ ಬೇಯಲು ಬೇಡುವ ಸಮಯ ಬೇರೆ ಬೇರೆ. ಕೆಲವಕ್ಕೆ ಎಂಟು ಗಂಟೆ ಬೇಕಾದರೆ ಕೆಲವಕ್ಕೆ ಐದು ನಿಮಿಷ ಸಾಕು. ಹಾಗಾಗಿ ಈ ಸೂಪ್ ಮಾಡುವಾಗ ನಾನು ಅಳತೆಗಿಂತ ಹೆಚ್ಚಾಗಿ ಗಮನ ಕೊಡುವುದು ಯಾವುದನ್ನು ಯಾವ ಹೊತ್ತಿಗೆ ಪಾತ್ರೆಗೆ ಹಾಕಬೇಕು ಎಂಬುದಕ್ಕೆ. ಆ ಕ್ರಮ ಕೈಗೆ ಹತ್ತಿದರೆ ಉಳಿದದ್ದನ್ನು ಅವರವರ ರುಚಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಮೊದಲು ಪಾತ್ರೆಯ ಸ್ವಭಾವವನ್ನು ತಿಳಿದುಕೊಳ್ಳಬೇಕು. ದಪ್ಪನೆಯ ಪಿಂಗಾಣಿ ಪಾತ್ರೆಯೊಂದನ್ನು ಸುತ್ತಲಿನಿಂದ ನಿಧಾನವಾಗಿ ಕಾಯಿಸುವ ಈ ಸಾಧನದಲ್ಲಿ ‘ಲೋ’ ಮತ್ತು ‘ಹೈ’ ಎಂಬ ಎರಡು ಮಟ್ಟಗಳಿರುತ್ತವೆ. ಅನೇಕ ಮಾದರಿಗಳಲ್ಲಿ ಎರಡೂ ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ, ಅಂದರೆ ಕುದಿಯುವ ಬಿಂದುವಿಗಿಂತ ಸ್ವಲ್ಪ ಕೆಳಗೆ. ಆ ಬಿಸಿಯನ್ನು ಮುಟ್ಟಲು ತೆಗೆದುಕೊಳ್ಳುವ ಸಮಯದಲ್ಲಿ ಮಾತ್ರ ವ್ಯತ್ಯಾಸ. ಒಲೆಯ ಮೇಲಿನಂತೆ ಇಲ್ಲಿ ಕೊತಕೊತನೆ ಕುದಿ ಬರುವುದಿಲ್ಲ, ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ ಅಷ್ಟೆ. ಮೇಲೆದ್ದ ಹಬೆಯೂ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುವುದರಿಂದ ನೀರು ಇಂಗುವುದು ತೀರಾ ಕಡಿಮೆ. ಮುಂದೆ ಹೇಳುವ ಬಹುತೇಕ ಎಲ್ಲ ಎಚ್ಚರಿಕೆಗಳೂ ಈ ಎರಡು ಗುಣಗಳಿಂದಲೇ ಹುಟ್ಟಿದವು.

ಐದು ಲೀಟರಿನ ಕುಕ್ಕರ್‌ಗೆ, ಆರು ಜನರಿಗೆ ಸಾಕಾಗುವಷ್ಟು ಸೂಪಿಗೆ ನಾನು ತೆಗೆದುಕೊಳ್ಳುವುದು ಇಷ್ಟು: ಒಂದು ಕಪ್ ಒಣ ರಾಜ್ಮಾ ಅಥವಾ ಬಿಳಿ ಬೀನ್ಸ್ ಕಾಳು, ಎರಡು ಈರುಳ್ಳಿ, ಎರಡು ಕ್ಯಾರೆಟ್, ಎರಡು ದಂಟು ಸೆಲರಿ, ಒಂದು ಆಲೂಗಡ್ಡೆ, ನಾಲ್ಕೈದು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್, 400 ಗ್ರಾಂ ಮಾಗಿದ ಟೊಮೆಟೊ, ಒಂದೂವರೆ ಲೀಟರಿನಿಂದ ಒಂದೂ ಮುಕ್ಕಾಲು ಲೀಟರಿನವರೆಗೆ ನೀರು ಅಥವಾ ತರಕಾರಿ ಬೇಯಿಸಿದ ಸಾರ, 150 ಗ್ರಾಂ ಸಣ್ಣ ಪಾಸ್ತಾ, ಎರಡು ಹಿಡಿ ಪಾಲಕ್. ಇದರ ಜೊತೆಗೆ ಆಲಿವ್ ಎಣ್ಣೆ, ಬೇ ಲೀಫ್, ಒಣ ಒರೆಗಾನೊ, ಕಾಳುಮೆಣಸು, ಉಪ್ಪು. ಪಾತ್ರೆ ಅರ್ಧಕ್ಕಿಂತ ಕಡಿಮೆಯಾಗಬಾರದು, ಮುಕ್ಕಾಲನ್ನು ಮೀರಲೂಬಾರದು.

ಕಾಳಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಹಸಿ ರಾಜ್ಮಾದಲ್ಲಿ ಫೈಟೊಹೆಮಗ್ಲುಟಿನಿನ್ ಎಂಬ ಲೆಕ್ಟಿನ್, ಅಂದರೆ ಒಂದು ಬಗೆಯ ವಿಷಕಾರಿ ಪ್ರೋಟೀನ್, ಇರುತ್ತದೆ. ಸರಿಯಾಗಿ ಬೇಯದ ಕೆಲವೇ ಕಾಳುಗಳನ್ನು ತಿಂದರೂ ಕೆಲವು ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಶುರುವಾಗಬಹುದು. ಸ್ಲೋ ಕುಕ್ಕರಿನ ಹದವಾದ ಬಿಸಿ ಈ ವಿಷವನ್ನು ನಾಶಮಾಡುತ್ತದೆಂದು ನಂಬುವಂತಿಲ್ಲ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಹಳ ಹೊತ್ತು ಇಟ್ಟ ಕಾಳು ಹಸಿ ಕಾಳಿಗಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ಸ್ಲೋ ಕುಕ್ಕರಿನ ಮೂಲರೂಪವಾದ, ಅಮೆರಿಕದ ಸಂಶೋಧಕ ಅರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಸಾಧನ ಮುಂದೆ ಮಾರುಕಟ್ಟೆಗೆ ಬಂದದ್ದು ಕಾಳು ಬೇಯಿಸುವ ಪಾತ್ರೆಯಾಗಿಯೇ. ರೈವಲ್ ಕಂಪನಿ ಅದನ್ನು ‘ಕ್ರಾಕ್‌ಪಾಟ್’ ಹೆಸರಿನಲ್ಲಿ 1971ರಿಂದ ಮಾರತೊಡಗಿತು. ಹೀಗೆ ಕಾಳಿಗೆಂದೇ ಹುಟ್ಟಿದ ಪಾತ್ರೆಗೆ ರಾಜ್ಮಾವನ್ನು ಹಸಿಯಾಗಿ ಹಾಕಬಾರದು ಎಂಬುದು ವಿಚಿತ್ರವೆನಿಸಿದರೂ ನಿಜ.

ಆದ್ದರಿಂದ ಕಾಳನ್ನು ಹಿಂದಿನ ರಾತ್ರಿಯೇ ಧಾರಾಳ ನೀರಿನಲ್ಲಿ, ಒಂದು ಚಮಚ ಉಪ್ಪು ಹಾಕಿ ನೆನೆಯಲು ಬಿಡುತ್ತೇನೆ. ನೆನೆಸುವ ನೀರಿಗೆ ಉಪ್ಪು ಹಾಕಿದರೆ ಕಾಳು ಗಟ್ಟಿಯಾಗುತ್ತದೆ ಎಂಬ ನಂಬಿಕೆಯಿದೆ, ಆದರೆ ಆಗುವುದು ಅದಕ್ಕೆ ವಿರುದ್ಧ: ಸಿಪ್ಪೆ ಮೆತ್ತಗಾಗಿ ಕಾಳು ಒಡೆಯದೆ ಸಮನಾಗಿ ಬೇಯುತ್ತದೆ. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸುತ್ತೇನೆ. ಹತ್ತು ನಿಮಿಷ ಪೂರ್ಣ ಕುದಿ ಬಂದರೆ ವಿಷ ನಾಶವಾಗುತ್ತದೆ ಎನ್ನುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ ಮೂವತ್ತು ನಿಮಿಷ. ನಾನು ಅರ್ಧ ಗಂಟೆಯನ್ನೇ ಪಾಲಿಸುತ್ತೇನೆ, ಏಕೆಂದರೆ ಅಷ್ಟರಲ್ಲಿ ಕಾಳು ಅರೆಬೆಂದು ಮುಂದಿನ ಕೆಲಸವೂ ಹಗುರಾಗುತ್ತದೆ. ಇಷ್ಟೆಲ್ಲ ಬೇಡವೆನ್ನುವವರು ಡಬ್ಬಿಯಲ್ಲಿ ಬರುವ ಬೆಂದ ಕಾಳನ್ನು ಬಳಸಬಹುದು. ಅದು ಮೊದಲೇ ಪೂರ್ತಿ ಬೆಂದಿರುವುದರಿಂದ ಕೊನೆಯ ಒಂದು ಗಂಟೆಯಲ್ಲಿ ಹಾಕಿದರೆ ಸಾಕು.

ಕಾಳು ಕುದಿಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ಬಾಣಲೆ ಇಡುತ್ತೇನೆ. ಸ್ಲೋ ಕುಕ್ಕರ್‌ನಲ್ಲಿ ಎಷ್ಟು ಹೊತ್ತು ಬೇಯಿಸಿದರೂ ಈರುಳ್ಳಿ ಕೆಂಪಗಾಗುವುದಿಲ್ಲ. ನೀರಿರುವ ತನಕ ಬಿಸಿ ನೂರು ಡಿಗ್ರಿಯನ್ನು ದಾಟುವುದಿಲ್ಲ, ಹುರಿದ ಪರಿಮಳ ಏಳಬೇಕಾದರೆ 140 ಡಿಗ್ರಿಯ ಸುತ್ತಮುತ್ತಲಾದರೂ ಬೇಕು. ಹಸಿ ಈರುಳ್ಳಿಯನ್ನು ನೇರವಾಗಿ ಪಾತ್ರೆಗೆ ಹಾಕಿದ ಸೂಪಿನಲ್ಲಿ ಎಂಟು ಗಂಟೆಯ ನಂತರವೂ ಒಂದು ಬಗೆಯ ಬೇಯಿಸಿದ ಹಸಿ ವಾಸನೆ ಉಳಿದೇ ಇರುತ್ತದೆ. ಹಾಗಾಗಿ ಮೂರು ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ ಮತ್ತು ಸೆಲರಿಯನ್ನು ಹೊಂಬಣ್ಣ ಬರುವವರೆಗೆ ಬಾಡಿಸಿ, ಬೆಳ್ಳುಳ್ಳಿ ಸೇರಿಸಿ, ಅದು ಕಮರುವ ಮೊದಲೇ ಟೊಮೆಟೊ ಪೇಸ್ಟ್ ಹಾಕುತ್ತೇನೆ. ಪೇಸ್ಟ್ ಮೊದಲು ಬಾಣಲೆಗೆ ಅಂಟಿಕೊಳ್ಳುತ್ತದೆ. ಸೌಟಿನಿಂದ ಕೆರೆಯುತ್ತ ಎರಡು ಮೂರು ನಿಮಿಷ ಹುರಿದರೆ ಕೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ಹುಳಿ ವಾಸನೆ ಹೋಗಿ ಸಿಹಿಯಾದ ಘಮ ಬರುತ್ತದೆ. ಆಗ ಒಂದು ಲೋಟ ನೀರು ಹಾಕಿ, ತಳ ಹಿಡಿದದ್ದನ್ನೆಲ್ಲ ಕೆರೆದು, ಆ ನೀರಿನ ಸಮೇತ ಕುಕ್ಕರಿಗೆ ಸುರಿಯುತ್ತೇನೆ. ಹತ್ತು ನಿಮಿಷದ ಈ ಕೆಲಸವನ್ನು ಬಿಟ್ಟುಬಿಡಲು ಎಂಥವರಿಗೂ ಮನಸ್ಸಾಗುತ್ತದೆ, ಆದರೆ ಸೂಪಿನ ಅರ್ಧ ರುಚಿ ಇರುವುದೇ ಇಲ್ಲಿ.

ಪಾತ್ರೆಯೊಳಗೆ ತರಕಾರಿ ಜೋಡಿಸುವುದಕ್ಕೂ ಒಂದು ಕ್ರಮವಿದೆ. ಕ್ಯಾರೆಟ್, ಆಲೂಗಡ್ಡೆಯಂಥ ಗಟ್ಟಿ ತರಕಾರಿಗಳು ಇಲ್ಲಿ ಮಾಂಸಕ್ಕಿಂತಲೂ ನಿಧಾನವಾಗಿ ಬೇಯುವುದುಂಟು. ಆದ್ದರಿಂದ ಅವನ್ನು ಬೆರಳ ತುದಿಯಷ್ಟು ಸಣ್ಣ ಹೋಳುಗಳಾಗಿ ಹೆಚ್ಚಿ ತಳಕ್ಕೆ, ಬಿಸಿ ತಾಗುವ ಅಂಚಿಗೆ ಹತ್ತಿರವಾಗಿ ಹಾಕಿ, ಮೇಲೆ ಅರೆಬೆಂದ ಕಾಳು, ಬಾಡಿಸಿದ ಈರುಳ್ಳಿ, ಬೇ ಲೀಫ್, ಒರೆಗಾನೊ ಹರಡಿ, ಕೊನೆಗೆ ಬಿಸಿ ನೀರು ಸುರಿಯುತ್ತೇನೆ. ತಣ್ಣೀರು ಹಾಕಿದರೆ ಪಾತ್ರೆ ಬಿಸಿಯೇರಲು ಬಹಳ ಸಮಯ ತೆಗೆದುಕೊಳ್ಳುತ್ತದೆ. 60 ಡಿಗ್ರಿ ದಾಟುವವರೆಗೆ ಬ್ಯಾಕ್ಟೀರಿಯಾ ಬೆಳೆಯುವ ಅವಕಾಶವಿರುವುದರಿಂದ ಆ ಅವಧಿ ಚಿಕ್ಕದಾದಷ್ಟೂ ಒಳ್ಳೆಯದು. ಫ್ರೀಜರಿನಿಂದ ತೆಗೆದ ತರಕಾರಿಯನ್ನೋ ಮಾಂಸವನ್ನೋ ಹಾಗೆಯೇ ಹಾಕಬಾರದು ಎನ್ನುವುದಕ್ಕೂ ಕಾರಣ ಇದೇ. ಪಿಂಗಾಣಿ ಪಾತ್ರೆಯನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಮಾತ್ರ ಅದಕ್ಕೆ ನೇರವಾಗಿ ಬಿಸಿ ನೀರು ಸುರಿಯಬಾರದು, ಬಿರುಕು ಬಿಡುತ್ತದೆ.

ಇನ್ನು ‘ಲೋ’ನಲ್ಲಿ ಏಳೆಂಟು ಗಂಟೆ, ‘ಹೈ’ನಲ್ಲಾದರೆ ನಾಲ್ಕು ಗಂಟೆ. ಈ ನಡುವೆ ಮುಚ್ಚಳ ತೆರೆದು ನೋಡುವ ಚಪಲವನ್ನು ತಡೆದುಕೊಳ್ಳಬೇಕು, ಏಕೆಂದರೆ ಒಮ್ಮೆ ತೆರೆದರೆ ಕಳೆದುಹೋದ ಬಿಸಿ ಮರಳಿ ಬರಲು ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದೆ ಬೇಕಾಗುತ್ತದೆ.

ಟೊಮೆಟೊವನ್ನು ಮೊದಲೇ ಹಾಕದೆ ಕೊನೆಯ ಎರಡು ಗಂಟೆಗೆ ಇಟ್ಟುಕೊಳ್ಳುತ್ತೇನೆ. ಹುಳಿ ಇದ್ದಲ್ಲಿ ಕಾಳಿನ ಸಿಪ್ಪೆಯಲ್ಲೂ ತರಕಾರಿಯಲ್ಲೂ ಇದ್ದು ಅವನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಶ ಕರಗುವುದು ನಿಧಾನವಾಗುತ್ತದೆ. ಸಂಜೆಯವರೆಗೂ ಬೆಂದ ಕಾಳು ಹಲ್ಲಿಗೆ ಗಟ್ಟಿಯಾಗಿಯೇ ಸಿಗುವುದಕ್ಕೆ ಎಷ್ಟೋ ಸಲ ಕಾರಣ ಬೆಳಿಗ್ಗೆಯೇ ಸುರಿದ ಟೊಮೆಟೊ. ಬಾಣಲೆಯಲ್ಲಿ ಹುರಿದ ಎರಡು ಚಮಚ ಪೇಸ್ಟಿನಿಂದ ಅಂಥ ತೊಂದರೆಯಿಲ್ಲ. ಎರಡು ಕಾಳನ್ನು ಚಮಚದಲ್ಲಿ ತೆಗೆದು ಬೆರಳಿನಿಂದ ಒತ್ತಿ, ಅವು ಬೆಣ್ಣೆಯಂತೆ ನುಣ್ಣಗಾಗಿದ್ದರೆ ಮಾತ್ರ ಹಿಸುಕಿದ ಟೊಮೆಟೊ ಸೇರಿಸುತ್ತೇನೆ. ಇದೇ ಹೊತ್ತಿಗೆ ಒಂದು ಸೌಟು ಕಾಳನ್ನು ತೆಗೆದು ನುರಿದು ಮತ್ತೆ ಪಾತ್ರೆಗೆ ಹಾಕುವುದುಂಟು. ಸೂಪ್ ಹೊಟ್ಟೆ ತುಂಬುವಂಥದ್ದಾಗಬೇಕಾದರೆ ಕಟ್ಟು ಮಂದವಾಗಿರಬೇಕು. ಅದಕ್ಕೆ ಕೆನೆ ಅಥವಾ ಜೋಳದ ಹಿಟ್ಟಿಗಿಂತ ಕಾಳಿನ ತಿರುಳೇ ಉತ್ತಮವೆಂಬುದು ನನ್ನ ಅಭಿಪ್ರಾಯ.

ಪಾಸ್ತಾದ ಸರದಿ ಬರುವುದು ಊಟಕ್ಕೆ ಅರ್ಧ ಗಂಟೆ ಇರುವಾಗ. ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ ಒಣ ಪಾಸ್ತಾದಲ್ಲಿ ಗಂಜಿಯ ಕಣಗಳನ್ನು ಪ್ರೋಟೀನಿನ ಬಲೆಯೊಂದು ಹಿಡಿದಿಟ್ಟಿರುತ್ತದೆ. ಬಿಸಿ ನೀರಿನಲ್ಲಿ ಗಂಟೆಗಟ್ಟಲೆ ನೆಂದರೆ ಆ ಬಲೆ ಸಡಿಲಾಗಿ, ಗಂಜಿ ಹೊರಬಂದು, ಪಾಸ್ತಾ ಲೋಳೆಯಾಗಿ ಸೂಪ್ ಅಂಟಂಟಾಗುತ್ತದೆ. ಅದೇ ಇಪ್ಪತ್ತು ನಿಮಿಷದಲ್ಲಿ ಹೊರಬರುವ ಅಲ್ಪ ಗಂಜಿ ಕಟ್ಟಿಗೆ ಒಳ್ಳೆಯ ಮೈ ಕೊಡುತ್ತದೆ. ಹಾಕುವ ಮೊದಲು ಕುಕ್ಕರನ್ನು ‘ಹೈ’ಗೆ ತಿರುಗಿಸಿ, ಅಂಚಿನಲ್ಲಿ ಗುಳ್ಳೆಗಳು ಕಾಣುವವರೆಗೆ ಕಾಯಬೇಕು; ಬಿಸಿ ಸಾಲದ ಸಾರಿನಲ್ಲಿ ಹಾಕಿದರೆ ಒಳಗೆ ಬೇಯುವ ಮೊದಲೇ ಹೊರಮೈ ಕರಗತೊಡಗುತ್ತದೆ. ಹಾಕಿದೊಡನೆ ಒಮ್ಮೆ ಚೆನ್ನಾಗಿ ಕಲಕಿ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕುತ್ತೇನೆ, ಇಲ್ಲದಿದ್ದರೆ ತಳದಲ್ಲಿ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಪಾಸ್ತಾ ಹಾಕಿದ ಮೇಲೆ ಮುಚ್ಚಳ ತೆರೆಯಬಾರದೆಂಬ ನಿಯಮವನ್ನು ಬದಿಗಿಡಲೇಬೇಕು.

ಪೊಟ್ಟಣದ ಮೇಲೆ ಒಂಬತ್ತು ನಿಮಿಷ ಎಂದಿದ್ದರೆ ಅದು ಕೊತಕೊತ ಕುದಿಯುವ ನೀರಿನ ಲೆಕ್ಕ. ಇಲ್ಲಿ ಅದರ ಎರಡರಷ್ಟು ಅಥವಾ ಇನ್ನೂ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಹದಿನೈದನೆಯ ನಿಮಿಷದಿಂದ ಒಂದೊಂದು ತುಂಡು ತೆಗೆದು ಕಚ್ಚಿ ನೋಡುವುದೇ ಸರಿಯಾದ ದಾರಿ. ಕಚ್ಚಿದ ಜಾಗದಲ್ಲಿ ನಡುವೆ ಬಿಳಿಯ ಚುಕ್ಕೆಯೊಂದು ಕಾಣುತ್ತಿರುವಾಗಲೇ ಕುಕ್ಕರ್ ಆರಿಸುತ್ತೇನೆ, ಏಕೆಂದರೆ ಪಿಂಗಾಣಿ ಹಿಡಿದಿಟ್ಟ ಬಿಸಿಯಲ್ಲಿ ಪಾಸ್ತಾ ಬಡಿಸುವವರೆಗೂ ಬೇಯುತ್ತಲೇ ಇರುತ್ತದೆ. ಆಕಾರದ ವಿಷಯಕ್ಕೆ ಬಂದರೆ, ಚಮಚದಲ್ಲಿ ಕಾಳಿನ ಜೊತೆ ಕೂರುವಂಥದ್ದು ಬೇಕು: ಡಿಟಲಿನಿ ಎಂಬ ಗಿಡ್ಡ ಕೊಳವೆ, ಸಣ್ಣ ಶಂಖದಾಕಾರ, ಮ್ಯಾಕರೋನಿ. ಉದ್ದನೆಯ ಸ್ಪಗೆಟಿಯನ್ನು ಮುರಿದು ಹಾಕಬಹುದು, ಆದರೆ ನನಗೆ ಅದು ಹಿಡಿಸಿಲ್ಲ. 150 ಗ್ರಾಂ ನೋಡಲು ಕಡಿಮೆ ಎನಿಸಿ ಕೈ ಇನ್ನೊಂದು ಹಿಡಿ ಸುರಿಯಲು ಹೋಗುತ್ತದೆ. ಬೆಂದ ಮೇಲೆ ತೂಕ ಇಮ್ಮಡಿಯಾಗುವುದನ್ನೂ ಅಷ್ಟು ಸಾರನ್ನು ಅದು ಕುಡಿಯುವುದನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು.

ಪಾಸ್ತಾ ಬೆಂದೊಡನೆ ಪಾಲಕ್ ಸೇರಿಸಿದರೆ ಎರಡು ಮೂರು ನಿಮಿಷದಲ್ಲಿ ಬಾಡುತ್ತದೆ, ಹಸಿರೂ ಉಳಿಯುತ್ತದೆ. ನೀರು ಇಂಗದ ಪಾತ್ರೆಯಾದ್ದರಿಂದ ಮೊದಲು ಹಾಕಿದ ಉಪ್ಪು ಕೊನೆಗೆ ಹೆಚ್ಚಾಗಿಬಿಡುವ ಭಯ ಇಲ್ಲಿ ಅಷ್ಟಿಲ್ಲ, ಆದರೂ ಪೂರ್ತಿ ಉಪ್ಪನ್ನು ಹಾಕುವುದು ಪಾಸ್ತಾ ಮತ್ತು ಚೀಸ್ ಸೇರಿದ ನಂತರವೇ. ಪಾರ್ಮೆಸಾನ್ ಚೀಸಿನ ಗಟ್ಟಿ ಅಂಚು ಮನೆಯಲ್ಲಿ ಉಳಿದಿದ್ದರೆ ಅದನ್ನು ಬೆಳಿಗ್ಗೆಯೇ ಕಾಳಿನ ಜೊತೆ ಹಾಕಿ ಬಡಿಸುವಾಗ ತೆಗೆದುಹಾಕುತ್ತೇನೆ. ಅದು ಕೊಡುವ ರುಚಿಯನ್ನು ಮೇಲೆ ತುರಿದ ಚೀಸ್ ಕೊಡಲಾರದು. ಪಾರ್ಮೆಸಾನನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಬಳಸಿ ಮಾಡುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಬಡಿಸುವಾಗ ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಅರ್ಧ ನಿಂಬೆಹಣ್ಣಿನ ರಸ, ಹರಿದ ಬೇಸಿಲ್ ಎಲೆ, ಒಂದು ಚಮಚ ಹಸಿ ಆಲಿವ್ ಎಣ್ಣೆ.

ಸೂಪ್ ಮರುದಿನಕ್ಕೂ ಬೇಕೆಂದಿದ್ದರೆ, ಅಥವಾ ಮನೆಯವರು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುವವರಾದರೆ, ಪಾಸ್ತಾವನ್ನು ಕುಕ್ಕರಿಗೆ ಹಾಕುವುದೇ ಇಲ್ಲ. ಬೇರೆ ಪಾತ್ರೆಯಲ್ಲಿ ಎಸರಿಟ್ಟು, ಪೊಟ್ಟಣ ಹೇಳುವುದಕ್ಕಿಂತ ಎರಡು ನಿಮಿಷ ಮೊದಲೇ ಬಸಿದು, ತುಸು ಎಣ್ಣೆ ಸವರಿ ಇಟ್ಟುಕೊಂಡು, ಬಡಿಸುವಾಗ ಬಟ್ಟಲಿಗೆ ಪಾಸ್ತಾ ಹಾಕಿ ಮೇಲೆ ಬಿಸಿ ಸೂಪ್ ಸುರಿದರೆ ಆಯಿತು. ಒಟ್ಟಿಗೆ ಉಳಿದ ಸೂಪಿನಲ್ಲಿ ಪಾಸ್ತಾ ರಾತ್ರಿಯೆಲ್ಲ ಸಾರನ್ನು ಹೀರಿ, ಬೆಳಿಗ್ಗೆ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ. ಒಂದೆರಡು ಲೋಟ ಬಿಸಿ ನೀರು, ಸ್ವಲ್ಪ ಉಪ್ಪು ಸೇರಿಸಿದರೆ ತಿನ್ನಲು ಅಡ್ಡಿಯಿಲ್ಲ, ಆದರೆ ಮೊದಲಿನ ಹದ ಬಾರದು. ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ ಫ್ರಿಜ್ಜಿನಲ್ಲಿಡುತ್ತೇನೆ. ಪಿಂಗಾಣಿ ಪಾತ್ರೆಯಲ್ಲೇ ಬಿಟ್ಟರೆ ನಡುಭಾಗ ತಣ್ಣಗಾಗುವುದೇ ಇಲ್ಲ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ, ಕುದಿ ಬರುವವರೆಗೆ. ಆ ಕೆಲಸಕ್ಕೆ ಸ್ಲೋ ಕುಕ್ಕರ್ ತೀರಾ ನಿಧಾನ.